ಅಡಿಕೆ ತೋಟಕ್ಕೆ ಹನಿ ನೀರಾವರಿ: ತೋಟಕ್ಕೆಷ್ಟು ಲಾಭ, ಹಳ್ಳಕ್ಕೆಷ್ಟು?

ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ 2024ರ ಬೇಸಿಗೆ ಕಳೆದ ಮೇಲೆ ಹನಿ ನೀರಾವರಿ ಹಾಕಿಸಿದೆವು. ಹಾಕಿಸಬೇಕೆಂದುಕೊಂಡಿರುವ ಮಲೆನಾಡಿನ ಬೆಳೆಗಾರರಿಗೆ ಉಪಯೋಗವಾಗಲಿ ಎಂದು ಅದರ ಗುಣ, ದೋಷ, ಖರ್ಚು ಮತ್ತು ನಿರ್ವಹಣೆಯ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಐ.ಎಸ್.ಐ. ಗುರುತಿರುವ ಪೈಪು ಮತ್ತು ಬುಡಕ್ಕೆ ನೀರು ತೊಟ್ಟಿಕ್ಕಿಸುವ ಡ್ರಿಪ್ಪರ್‌ಗಳಲ್ಲಿ ನಾನು ಕಂಡಂತೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ. ಆದರೆ ಅವನ್ನು ಯಾರು ಲೆಕ್ಕ ಹಾಕಿ ಕೂರಿಸಿದರು, ಮನೆಯವರು ಹೇಗೆ ಬಳಸುತ್ತಾರೆ ಎಂಬುದರಿಂದ ಅಜಗಜಾಂತರ ವ್ಯತ್ಯಾಸವಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತೋಟದ ಮಟ್ಟಿಗೆ ಇದು ನಿಸ್ಸಂಶಯವಾಗಿ ಒಳ್ಳೆಯ ವ್ಯವಸ್ಥೆ. ತೋಟಕ್ಕೆ ನೀರು ಕೊಡುವ ಹಳ್ಳದ ಮಟ್ಟಿಗೆ ಒಳ್ಳೆಯದಾಗಬೇಕಾದರೆ, ಅಂಗಡಿಯವರು ಕೊಡುವ ಸಾಮಾನಿನ ಪಟ್ಟಿಯಲ್ಲಿ ಇಲ್ಲದ ಎರಡು ವಸ್ತುಗಳನ್ನು ನಾವೇ ಸೇರಿಸಿಕೊಳ್ಳಬೇಕು. ಅವೆಂದರೆ ಎತ್ತರದಲ್ಲೊಂದು ತೊಟ್ಟಿ ಮತ್ತು ಒಂದು ನೀರಿನ ಮೀಟರ್.

ಮಳೆಯ ಸೀಮೆಯವರಿಗೆ ನೀರಿನ ಚಿಂತೆ ಏಕೆ ಎಂದು ಬಯಲುಸೀಮೆಯ ನೆಂಟರು ಈಗಲೂ ಕೇಳುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ, ನಮ್ಮದೇ ತಾಲ್ಲೂಕಿನ ಹುಲಿಕಲ್ ಕೂಡ ಅದಕ್ಕೆ ಸರಿಸಾಟಿಯಾಗಿ ನಿಲ್ಲುವ ಊರು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಜಂಬಿಟ್ಟಿಗೆಯ ಗುಡ್ಡಗಳು ನೀರನ್ನು ಬೇಗ ಹೀರುತ್ತವೆ, ಇಳಿಜಾರಿನಲ್ಲಿ ಅಷ್ಟೇ ಬೇಗ ಬಿಟ್ಟುಕೊಡುತ್ತವೆ. ಜುಲೈನಲ್ಲಿ ತುಂಬಿ ತುಳುಕುವ ಬಾವಿ ಏಪ್ರಿಲ್ ಹೊತ್ತಿಗೆ ತಳ ಕಾಣಿಸುವುದಕ್ಕೆ ಇದೇ ಕಾರಣ. ಅದರ ಮೇಲೆ, ಮಳೆಗಾಲವಿಡೀ ಬದುಗಳ ನಡುವೆ ನೀರು ನಿಲ್ಲಿಸಿಕೊಂಡು ನೆಲಕ್ಕೆ ಇಂಗಿಸುತ್ತಿದ್ದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗಿವೆ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಆದ್ದರಿಂದ ಅದೇ ಜಾಗದಲ್ಲಿ ಆಳವಾದ ಬಸಿಗಾಲುವೆ ತೆಗೆದು ಬಿದ್ದ ನೀರನ್ನು ಆದಷ್ಟು ಬೇಗ ಹೊರಹಾಕುತ್ತೇವೆ. ಮಳೆಗಾಲದಲ್ಲಿ ಹೀಗೆ ಹೊರಹಾಕಿದ ನೀರನ್ನೇ ಬೇಸಿಗೆಯಲ್ಲಿ ಹಳ್ಳದಿಂದ ಪಂಪು ಹಚ್ಚಿ ಎತ್ತುತ್ತೇವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಮಲೆನಾಡೂ ಆ ಬಿಸಿ ಅನುಭವಿಸಿತು. ಮುಂದಿನ ಬೇಸಿಗೆಯಲ್ಲಿ ನಮ್ಮ ಹಳ್ಳ ಹರಿಯುವುದನ್ನು ನಿಲ್ಲಿಸಿ, ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರು ಉಳಿದಿತ್ತು. ನಮ್ಮ ತೋಟದ ಹಿಂಗಾರ (ಅಡಿಕೆಯ ಹೂಗೊನೆ) ಒಣಗಿತು, ಹರಳು (ಎಳೆಗಾಯಿ) ಉದುರಿತು.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಹನಿ ನೀರಾವರಿಯ ಪರವಾಗಿ ಹೇಳಬೇಕಾದ ಬಲವಾದ ಮಾತು ಅಲ್ಲಿಯೇ ಇದೆ. ಅಡಿಕೆಯ ಬುಡಕ್ಕೆ ನೀರು ಹಾಯಿಸುವ ಪದ್ಧತಿಯಲ್ಲಿ ಮರವೊಂದಕ್ಕೆ ಪ್ರತಿ ಸಲ 175 ಲೀಟರ್ ಆಸುಪಾಸಿನಲ್ಲಿ, ಕಡುಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಕೊಡಬೇಕೆಂಬುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಹನಿ ನೀರಾವರಿಯಲ್ಲಾದರೆ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಸಾಕು. ಒಂಬತ್ತು ಅಡಿ ಅಂತರದಲ್ಲಿ ಸಸಿ ಹಾಕಿದ ಎಕರೆಯಲ್ಲಿ ಸುಮಾರು 550 ಮರಗಳಿರುತ್ತವೆ. ಎರಡು ಎಕರೆಗೆ 1,100. ನಾಲ್ಕು ದಿನಕ್ಕೊಮ್ಮೆ ಬುಡಕ್ಕೆ ಹಾಯಿಸಿದರೆ ದಿನದ ಸರಾಸರಿ 48,000 ಲೀಟರ್ ಆಗುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ 18 ಲೀಟರ್ ಎಂದು ಹಿಡಿದರೆ 20,000 ಲೀಟರ್ ಮುಟ್ಟುವುದಿಲ್ಲ. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಮುಕ್ಕಾಲು ಮೀಟರ್‌ನೊಳಗೇ ಹರಡಿಕೊಂಡಿರುತ್ತವೆ. ಇಡೀ ತೋಟವನ್ನು ತೋಯಿಸುವ ಸ್ಪ್ರಿಂಕ್ಲರ್ ಆ ವಲಯದ ಹೊರಗಿನ ನೆಲಕ್ಕೂ ಕಳೆಗೂ ನೀರುಣಿಸುತ್ತದೆ. ಹನಿ ನೀರಾವರಿ ಬೇರಿರುವಲ್ಲಿಗೆ ಮಾತ್ರ ಒದಗಿಸುತ್ತದೆ.

ಆದರೂ 28,000 ಲೀಟರ್ ಹಳ್ಳದಲ್ಲಿ ಉಳಿಯಿತು ಎಂದು ಬೀಗುವಂತಿಲ್ಲ. ಬುಡಕ್ಕೆ ಹಾಯಿಸುತ್ತಿದ್ದ ನೀರಿನಲ್ಲಿ ಒಂದು ಪಾಲು ನೆಲದೊಳಗೆ ಇಳಿದು, ಬಸಿಗಾಲುವೆ ಸೇರಿ, ತಡವಾಗಿಯಾದರೂ ಅದೇ ಹಳ್ಳಕ್ಕೆ ಮರಳುತ್ತಿತ್ತು. ಹಾಗಾಗಿ ನಿಜವಾದ ಉಳಿತಾಯ ಕಾಗದದ ಲೆಕ್ಕಕ್ಕಿಂತ ಕಡಿಮೆ. ಆದರೆ ನೀರು ಎತ್ತುವ ಜಾಗಕ್ಕೂ ಅದು ಮರಳುವ ಜಾಗಕ್ಕೂ ನಡುವೆ ಇರುವ ಹಳ್ಳದ ತುಂಡಿಗೆ, ಅಲ್ಲಿನ ಗುಂಡಿಗಳಿಗೆ, ಅವುಗಳಲ್ಲಿ ಮೀನು ಏಡಿಗಳು ಜೀವ ಹಿಡಿದುಕೊಂಡಿರುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಡಿಮೆ ಎತ್ತುವುದರಿಂದ ನೇರ ಲಾಭವಿದೆ.

ನಾವು ತಂದದ್ದು ಮರಗಳ ಸಾಲಿನುದ್ದಕ್ಕೂ ಹಾಸುವ 16 ಮಿ.ಮೀ. ಲ್ಯಾಟರಲ್ ಪೈಪು, ಮರಕ್ಕೆ ಎರಡರಂತೆ ಗಂಟೆಗೆ 4 ಲೀಟರಿನ ಡ್ರಿಪ್ಪರ್‌ಗಳು, ಮುಖ್ಯ ಮತ್ತು ಉಪಮುಖ್ಯ ಪಿ.ವಿ.ಸಿ. ಪೈಪುಗಳು, ಒಂದು ಡಿಸ್ಕ್ ಫಿಲ್ಟರ್, ಗೊಬ್ಬರ ಬಿಡಲು ಒಂದು ವೆಂಚುರಿ. ಲ್ಯಾಟರಲ್ ಕೊಳ್ಳುವಾಗ ಪೈಪಿನ ಮೇಲೆ ಐ.ಎಸ್. 12786 ಎಂದೂ ಡ್ರಿಪ್ಪರ್‌ಗೆ ಐ.ಎಸ್. 13487 ಎಂದೂ ಇದೆಯೇ ನೋಡಿಕೊಳ್ಳಬೇಕು. ಗುರುತಿಲ್ಲದ ಪೈಪು ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಬಿಸಿಲು ಬೀಳುವ ಅಂಚುಗಳಲ್ಲಿ ಬೇಗ ಸೀಳುತ್ತದೆ. ಪಂಪು ಮತ್ತು ತೊಟ್ಟಿ ಬಿಟ್ಟು ಎರಡು ಎಕರೆಗೆ ನಮಗೆ ಎಪ್ಪತ್ತು ಸಾವಿರ ರೂಪಾಯಿಯ ಆಸುಪಾಸು ತಗುಲಿತು. ಡ್ರಿಪ್ಪರ್‌ಗಳು ಗುಣಮಟ್ಟದಲ್ಲಿ ಯಾವ ದೂರಿಗೂ ಎಡೆ ಕೊಟ್ಟಿಲ್ಲ. ವೆಂಚುರಿಯನ್ನು ನಾವು ಹೆಚ್ಚು ಬಳಸುವುದಿಲ್ಲ. ಸಗಣಿಗೊಬ್ಬರ, ಸೊಪ್ಪು ಹಾಕುವ ತೋಟದಲ್ಲಿ ಅದರ ಅಗತ್ಯ ನನಗೆ ಅಷ್ಟಾಗಿ ಕಂಡಿಲ್ಲ.

ಮಲೆನಾಡಿನಲ್ಲಿ ಈ ವ್ಯವಸ್ಥೆಯ ದೊಡ್ಡ ಶತ್ರು ಕಬ್ಬಿಣ. ಹಳ್ಳದ ದಂಡೆಯ ಬಾವಿಯಿಂದ ಎತ್ತಿದ ನೀರು ಕೊಡಪಾನಕ್ಕೆ ಹಿಡಿದಾಗ ಸ್ಫಟಿಕದಂತೆ ಕಾಣುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಮ್ಮಣ್ಣಿನ ಬಣ್ಣದ ಗಸಿ ಕೂತಿರುತ್ತದೆ. ನೆಲದೊಳಗೆ ಗಾಳಿ ಸೋಕದೆ ಕರಗಿಕೊಂಡಿದ್ದ ಕಬ್ಬಿಣ ಗಾಳಿ ತಾಗಿದ ಕೂಡಲೇ ತುಕ್ಕಾಗಿ ಬೇರ್ಪಡುತ್ತದೆ. ಅದನ್ನೇ ಆಹಾರ ಮಾಡಿಕೊಂಡು ಬೆಳೆಯುವ ಬ್ಯಾಕ್ಟೀರಿಯಾಗಳು ಲೋಳೆಯನ್ನು ಉಂಟುಮಾಡುತ್ತವೆ. ಮೊದಲ ಬೇಸಿಗೆಯಲ್ಲಿ ಡಿಸ್ಕ್ ಫಿಲ್ಟರ್ ಬಿಚ್ಚಿದಾಗ ಬಿಲ್ಲೆಬಿಲ್ಲೆಗಳ ನಡುವಿನ ಗೀರುಗಳೆಲ್ಲ ಕಿತ್ತಳೆ ಬಣ್ಣದ ಲೋಳೆಯಿಂದ ಮುಚ್ಚಿಹೋಗಿದ್ದವು, ಬೆರಳಿನಿಂದ ತೆಗೆದರೆ ಎಳೆಎಳೆಯಾಗಿ ಬರುತ್ತಿತ್ತು. 130 ಮೈಕ್ರಾನ್‌ನ ಆ ಫಿಲ್ಟರ್ ಎಲೆಚೂರು, ಮರಳು, ಪಾಚಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಕರಗಿರುವ ಕಬ್ಬಿಣ ಅದನ್ನು ದಾಟಿ ಹೋಗಿ, ಡ್ರಿಪ್ಪರ್‌ನ ತುದಿಯಲ್ಲಿ ಗಾಳಿ ತಾಗಿದಾಗ ಅಲ್ಲಿಯೇ ತುಕ್ಕಾಗಿ ಕಟ್ಟಿಕೊಳ್ಳುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿ ಕಬ್ಬಿಣವಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುವ ಅಪಾಯ ತೀವ್ರವೆಂದೇ ಲೆಕ್ಕ. ಆದ್ದರಿಂದ ಪೈಪು ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ. ನಮಗೆ ಸಾಮಾನು ಮಾರಿದ ಅಂಗಡಿಯವರು ಈ ವಿಷಯವನ್ನು ಪ್ರಸ್ತಾಪಿಸಲೇ ಇಲ್ಲ. ಡ್ರಿಪ್ಪರ್ ಕಟ್ಟಿಕೊಂಡು ಕರೆ ಮಾಡಿದಾಗ ಆಸಿಡ್ ಬಿಡಿ ಎಂಬ ಸಲಹೆ ಮಾತ್ರ ಬಂತು. ಆಸಿಡ್ ಚಿಕಿತ್ಸೆಯಿಂದ ಸುಣ್ಣದ ಗಸಿ ಕರಗುವುದು ನಿಜ. ಆದರೆ ಆ ತೊಳೆದ ನೀರು ಕೊನೆಗೆ ಬಸಿಗಾಲುವೆಯಿಂದ ಹಳ್ಳಕ್ಕೇ ಇಳಿಯುವ ನಮ್ಮಂಥ ತೋಟದಲ್ಲಿ, ಬೇರೆ ದಾರಿಯಿರುವಾಗ ಅದನ್ನು ಬಳಸಲು ಮನಸ್ಸಾಗಲಿಲ್ಲ.

ಆ ಬೇರೆ ದಾರಿಯೇ ತೊಟ್ಟಿ. ತೋಟದ ಮೇಲ್ಭಾಗದ ಬ್ಯಾಣದಲ್ಲಿ (ಹುಲ್ಲು ಬೆಳೆಯುವ ಗುಡ್ಡದ ಜಾಗ), ತೋಟಕ್ಕಿಂತ ಸುಮಾರು ಹನ್ನೆರಡು ಮೀಟರ್ ಎತ್ತರದಲ್ಲಿ, 20,000 ಲೀಟರ್ ಹಿಡಿಯುವ ಫೆರೋಸಿಮೆಂಟ್ ತೊಟ್ಟಿಯೊಂದನ್ನು ಕಟ್ಟಿಸಿದೆವು. ಪಂಪಿನಿಂದ ಬರುವ ನೀರು ತೊಟ್ಟಿಯ ಬಾಯಲ್ಲಿ ತೂತು ಕೊರೆದ ಪೈಪಿನ ಮೂಲಕ ಮಳೆಯಂತೆ ಸುರಿದು ಬೀಳುತ್ತದೆ. ಬೀಳುವಾಗ ಗಾಳಿ ತಾಗಿ ಕಬ್ಬಿಣ ತುಕ್ಕಾಗುತ್ತದೆ, ರಾತ್ರಿಯಿಡೀ ತಳಕ್ಕೆ ಕೂರುತ್ತದೆ. ತಳದಿಂದ ಒಂದು ಅಡಿ ಮೇಲಿರುವ ಪೈಪಿನಿಂದ ತಿಳಿನೀರು ಫಿಲ್ಟರ್ ಮೂಲಕ ತೋಟಕ್ಕೆ ಇಳಿಯುತ್ತದೆ. ತಳದ ಗಸಿಯನ್ನು ಆಗಾಗ ಪ್ರತ್ಯೇಕ ವಾಲ್ವಿನಿಂದ ಬ್ಯಾಣದ ಹುಲ್ಲಿಗೆ ಬಿಟ್ಟುಬಿಡುತ್ತೇವೆ. ಈ ಏರ್ಪಾಡಾದ ಮೇಲೆ ಡ್ರಿಪ್ಪರ್ ಕಟ್ಟಿಕೊಳ್ಳುವುದು ಪೂರ್ತಿ ನಿಂತಿಲ್ಲವಾದರೂ, ಲ್ಯಾಟರಲ್‌ಗಳ ತುದಿ ಬಿಚ್ಚಿ ವಾರಕ್ಕೊಮ್ಮೆ ನೀರು ಹಾಯಿಸಿದರೆ ಸಾಕಾಗುವಷ್ಟಕ್ಕೆ ಇಳಿದಿದೆ. ತೊಟ್ಟಿಗೆ ಮುಚ್ಚಳ ಇರಲೇಬೇಕು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ಕಬ್ಬಿಣದಿಂದ ತಪ್ಪಿಸಿಕೊಂಡ ಫಿಲ್ಟರ್ ಪಾಚಿಗೆ ಸಿಕ್ಕಿಕೊಳ್ಳುತ್ತದೆ.

ಎತ್ತರದ ತೊಟ್ಟಿಯಿಂದ ಒತ್ತಡದ ಸಮಸ್ಯೆಯೂ ಬಗೆಹರಿಯುತ್ತದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ, ಸಾಧಾರಣ ಡ್ರಿಪ್ಪರ್‌ಗಳನ್ನು ಅಷ್ಟೇ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಗುಡ್ಡದಿಂದ ಅಬ್ಬಿ (ಝರಿ) ನೀರನ್ನು ಪೈಪಿನಲ್ಲಿ ಮನೆಗೆ ತರಿಸಿಕೊಂಡಿರುವ ಮಲೆನಾಡಿನ ಕುಟುಂಬಗಳಿಗೆ ಈ ತತ್ತ್ವ ಹೊಸದೇನಲ್ಲ. ವರ್ಷವಿಡೀ ಸಾಕಷ್ಟು ಅಬ್ಬಿ ನೀರಿರುವವರು ಪಂಪಿಲ್ಲದೆಯೇ ಹನಿ ನೀರಾವರಿ ನಡೆಸಬಹುದು. ಆದರೆ ತೋಟವೇ ಇಳಿಜಾರಿನಲ್ಲಿದ್ದರೆ ಎಚ್ಚರ ಬೇಕು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹತ್ತು ಮೀಟರ್ ವ್ಯತ್ಯಾಸವಿದ್ದರೆ ಕೆಳಗೆ ಒತ್ತಡ ಇಮ್ಮಡಿಯಾಗಿ, ಸಾಧಾರಣ ಡ್ರಿಪ್ಪರ್ ಗಂಟೆಗೆ 4 ಲೀಟರ್ ಕೊಡುವ ಬದಲು ಐದೂವರೆಗೂ ಹೆಚ್ಚು ಸುರಿಸುತ್ತದೆ. ಅಂಥಲ್ಲಿ ಒತ್ತಡ ಎಷ್ಟಿದ್ದರೂ ಒಂದೇ ಪ್ರಮಾಣ ಕೊಡುವ ಡ್ರಿಪ್ಪರ್‌ಗಳನ್ನೇ ಕೇಳಿ ಹಾಕಿಸಿಕೊಳ್ಳಬೇಕು. ಬೆಲೆ ಸ್ವಲ್ಪ ಹೆಚ್ಚು. ಮಣ್ಣನ್ನೂ ನೋಡಬೇಕು. ಕಣಿವೆಯ ಮೆಕ್ಕಲು ಮಣ್ಣಿನಲ್ಲಿ ಹನಿ ಅಗಲಕ್ಕೆ ಹರಡಿಕೊಳ್ಳುತ್ತದೆ, ಎರಡು ಡ್ರಿಪ್ಪರ್ ಸಾಕು. ಗುಡ್ಡದ ಜಂಬಿಟ್ಟಿಗೆಯ ನೊರಜುಗಲ್ಲಿನ ಮಣ್ಣಿನಲ್ಲಿ ಅದು ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಅಲ್ಲಿ ಅಷ್ಟೇ ನೀರನ್ನು ನಾಲ್ಕು ಕಡೆ ಹಂಚುವುದು ಒಳ್ಳೆಯದು.

ತೋಟದೊಳಗಿನ ತೊಂದರೆಗಳನ್ನು ಚುಟುಕಾಗಿ ಹೇಳುತ್ತೇನೆ. ಸೋಗೆ, ಸೊಪ್ಪಿನ ಹೊದಿಕೆಯಡಿ ಪೈಪು ಕಾಣುವುದಿಲ್ಲ, ಕಳೆ ತೆಗೆಯುವ ಯಂತ್ರದ ಬ್ಲೇಡಿಗೆ ಸಿಕ್ಕಿ ತುಂಡಾಗುತ್ತದೆ. ಇಲಿ, ಹೆಗ್ಗಣ, ಮುಳ್ಳುಹಂದಿಗಳು ಕಡಿಯುತ್ತವೆ, ಹಂದಿಗಳು ಕಿತ್ತೆಳೆಯುತ್ತವೆ. ಕೊನೆ (ಅಡಿಕೆ ಗೊನೆ) ಕೊಯ್ಲಿನ ವೇಳೆ ಲ್ಯಾಟರಲ್‌ಗಳನ್ನು ಸಾಲಿನ ಬದಿಗೆ ಸರಿಸಿಡದಿದ್ದರೆ ಮರುದಿನದ ಕೆಲಸ ಜಾಯಿಂಟರ್ ಹಾಕುವುದೇ ಆಗುತ್ತದೆ. ಒಂದು ಚೀಲ ಜಾಯಿಂಟರ್, ಎಂಡ್ ಕ್ಯಾಪ್ ಮತ್ತು ಡ್ರಿಪ್ಪರ್‌ಗಳನ್ನು ಮನೆಯಲ್ಲಿಯೇ ಇಟ್ಟುಕೊಂಡಿರಬೇಕು. ಮಾರಾಟದ ನಂತರದ ಸೇವೆಯ ವಿಷಯದಲ್ಲಿ ನಮಗೆ ಸಮಾಧಾನವಿಲ್ಲ. ಸಾಮಾನು ಇಳಿಸಿ, ಪೈಪು ಹಾಸಿ ಹೋದ ಮೇಲೆ ಒಮ್ಮೆ ಬಂದು ಪ್ರತಿ ಸಾಲಿನ ತುದಿಯಲ್ಲಿ ಒತ್ತಡ ಅಳೆದು ಕೊಡುತ್ತೇವೆಂದು ಒಪ್ಪಿದ್ದರು. ಎಷ್ಟು ನೆನಪಿಸಿದರೂ ಬರಲಿಲ್ಲ. ಕೊನೆಗೆ ನಾವೇ ಒಂದೊಂದು ಸಾಲಿನ ಮೊದಲ ಮತ್ತು ಕೊನೆಯ ಡ್ರಿಪ್ಪರ್‌ನಡಿ ಅಳತೆಯ ಪಾತ್ರೆ ಇಟ್ಟು, ಹದಿನೈದು ನಿಮಿಷ ಹಿಡಿದು ನೋಡಿದೆವು. ಒಂದು ಲೀಟರಿನ ಹತ್ತಿರ ಬಂದರೆ ಸರಿ. ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು. ಹಣ ಪೂರ್ತಿ ಕೊಡುವ ಮೊದಲೇ ಮಾಡಿಸಿಕೊಳ್ಳುವುದು ಜಾಣತನ.

ನಮ್ಮ ಸುತ್ತಮುತ್ತ ಹನಿ ನೀರಾವರಿ ಇರುವ ತೋಟಗಳು ಕಡಿಮೆಯೇನಿಲ್ಲ. ಹಾಗಿದ್ದೂ ಹಳ್ಳಗಳು ಮೊದಲಿನಂತೆಯೇ, ಕೆಲವು ಕಡೆ ಮೊದಲಿಗಿಂತ ಬೇಗ ಬತ್ತುತ್ತಿವೆ. ಈ ಬರಹಕ್ಕೆ ನಿಜವಾದ ಪ್ರೇರಣೆಯೂ ಅದೇ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ, ಪಂಪುಮನೆಯ ಗೋಡೆಯ ಮೇಲಿರುವ ಆಟೋ ಸ್ಟಾರ್ಟರ್ ನೋಡಿದರೆ ಸಾಕು. ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಕೃಷಿ ಪಂಪುಸೆಟ್ಟುಗಳಿಗೆ ವಿದ್ಯುತ್ ಉಚಿತ. ಮೂರು ಫೇಸ್ ಕರೆಂಟು ಯಾವಾಗ ಬರುತ್ತದೆ ಎಂಬುದು ಖಚಿತವಿಲ್ಲದ್ದರಿಂದ ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದಾಗ ಪಂಪು ತಾನಾಗಿ ಹೊರಡುತ್ತದೆ, ಹೋದಾಗ ನಿಲ್ಲುತ್ತದೆ. ನಡುವೆ ಯಾರೂ ತೋಟಕ್ಕೆ ಹೋಗಬೇಕಾಗಿಲ್ಲ. ಮಧ್ಯರಾತ್ರಿ ಟಾರ್ಚು ಹಿಡಿದು ಹಾವು, ಆನೆಯ ಭಯದಲ್ಲಿ ತೋಟಕ್ಕೆ ಇಳಿಯಬೇಕಾದವರ ಕಷ್ಟ ನನಗೆ ಗೊತ್ತಿದೆ, ಅವರನ್ನು ದೂಷಿಸುವ ಉದ್ದೇಶ ನನಗಿಲ್ಲ. ಆದರೆ ಗಣಿತ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮರಕ್ಕೆ ಎರಡು ಡ್ರಿಪ್ಪರ್‌ನಂತೆ ಗಂಟೆಗೆ 8 ಲೀಟರ್. ಎರಡರಿಂದ ಎರಡೂವರೆ ಗಂಟೆಯಲ್ಲಿ ಅದಕ್ಕೆ ಬೇಕಾದ 16ರಿಂದ 20 ಲೀಟರ್ ಸಿಕ್ಕಿಬಿಡುತ್ತದೆ. ಏಳು ಗಂಟೆ ಕರೆಂಟು ಇದ್ದು ಪಂಪು ಏಳೂ ಗಂಟೆ ಓಡಿದರೆ ಮರಕ್ಕೆ 56 ಲೀಟರ್ ಬೀಳುತ್ತದೆ. ಬುಡಕ್ಕೆ ಹಾಯಿಸುವ ಹಳೆಯ ಪದ್ಧತಿಯಲ್ಲಿ ದಿನದ ಸರಾಸರಿ 44 ಲೀಟರ್ ಆಗುತ್ತಿತ್ತು. ಅಂದರೆ ನೀರು ಉಳಿಸಲೆಂದು ಸರ್ಕಾರ ಸಹಾಯಧನ ಕೊಟ್ಟು ಹಾಕಿಸಿದ ವ್ಯವಸ್ಥೆಯೇ ಹಳೆಯ ಪದ್ಧತಿಗಿಂತ ಹೆಚ್ಚು ನೀರನ್ನು ಹಳ್ಳದಿಂದ ಎಳೆಯುತ್ತಿದೆ. ಹೆಚ್ಚಾದ ನೀರು ಬೇರಿನ ವಲಯ ದಾಟಿ ಕೆಳಗಿಳಿಯುವಾಗ, ಹಣ ಕೊಟ್ಟು ಹಾಕಿದ ಗೊಬ್ಬರದ ಸಾರಜನಕವನ್ನೂ ತೊಳೆದುಕೊಂಡು ಹೋಗುತ್ತದೆ. ತೊಟ್ಟು ತೊಟ್ಟಾಗಿ ಬೀಳುವುದರಿಂದ ಈ ಪೋಲು ಕಣ್ಣಿಗೆ ಕಾಣುವುದಿಲ್ಲ. ಕಾಲುವೆ ಒಡೆದು ಹರಿದರೆ ಯಾರಾದರೂ ಓಡಿಹೋಗಿ ಕಟ್ಟುತ್ತಿದ್ದರು.

ತೊಟ್ಟಿಯ ಮೂರನೆಯ ಉಪಯೋಗ ಇಲ್ಲಿದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ಪಂಪಿಗೆ ಆಟೋ ಸ್ಟಾರ್ಟರ್ ನಮ್ಮಲ್ಲೂ ಇದೆ, ಕರೆಂಟು ಎಷ್ಟು ಹೊತ್ತಿಗೆ ಬಂದರೂ ಅದು ಹೊರಡುತ್ತದೆ. ಆದರೆ ತೊಟ್ಟಿ ತುಂಬಿದ ಕೂಡಲೇ ಫ್ಲೋಟ್ ಸ್ವಿಚ್ಚು ಪಂಪನ್ನು ನಿಲ್ಲಿಸುತ್ತದೆ. ತೊಟ್ಟಿಯಲ್ಲಿರುವ 20,000 ಲೀಟರ್ ನಮ್ಮ ತೋಟದ ದಿನದ ಪಾಲು. ಬೆಳಿಗ್ಗೆ ವಾಲ್ವು ತೆರೆದರೆ ಅಷ್ಟು ಇಳಿಯುತ್ತದೆ, ಮುಗಿಯುತ್ತದೆ. ವಾಲ್ವು ಮುಚ್ಚಿದ ಮೇಲೆಯೇ ತೊಟ್ಟಿ ಮತ್ತೆ ತುಂಬುವಂತೆ ಸ್ವಿಚ್ಚಿನ ಏರ್ಪಾಡಿದೆ. ರಾತ್ರಿ ತೋಟಕ್ಕೆ ಇಳಿಯುವ ಕಷ್ಟವೂ ಇಲ್ಲ, ಏಳು ಗಂಟೆ ಎಳೆಯುವ ಅನಾಹುತವೂ ಇಲ್ಲ. ತೊಟ್ಟಿ ಕಟ್ಟಿಸುವ ಶಕ್ತಿ ಇಲ್ಲದವರು ಸ್ಟಾರ್ಟರ್‌ಗೆ ಟೈಮರ್ ಒಂದನ್ನಾದರೂ ಸೇರಿಸಿಕೊಳ್ಳಬಹುದು, ಅದಕ್ಕೆ ಹೆಚ್ಚಿನ ಖರ್ಚಿಲ್ಲ.

ತೊಟ್ಟಿಯ ಹೊರಪೈಪಿಗೆ ನೀರಿನ ಮೀಟರ್ ಹಾಕಿಸಿದ್ದೇವೆ. ಇದನ್ನು ಕೇಳಿದಾಗ ಅಂಗಡಿಯವರಿಗೆ ಆಶ್ಚರ್ಯವಾಗಿತ್ತು, ಬಿಲ್ಲು ಕಟ್ಟಬೇಕಾದ ಪಟ್ಟಣದವರು ಹಾಕಿಸುವ ವಸ್ತು ತೋಟಕ್ಕೇಕೆ ಎಂದು. ಪಂಪುಮನೆಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಅಪ್ಪಯ್ಯ ಅದರ ಅಂಕಿಯನ್ನು ಬರೆದಿಡುತ್ತಾರೆ. ಯಾವ ವಾರ ಅಂಕಿ ಕಾರಣವಿಲ್ಲದೆ ಏರಿತೋ ಆ ವಾರ ಎಲ್ಲೋ ಪೈಪು ತುಂಡಾಗಿದೆ ಎಂದರ್ಥ. ಅಂಕಿ ಇಳಿದರೆ ಫಿಲ್ಟರ್ ಕಟ್ಟಿದೆ ಎಂದರ್ಥ. ತೋಟ ಸುತ್ತದೆಯೇ ಇಷ್ಟು ತಿಳಿಸುವ ಇನ್ನೊಂದು ಉಪಕರಣವನ್ನು ನಾನು ಕಂಡಿಲ್ಲ. ಬೇಸಿಗೆಯ ಮಳೆ ಬಿದ್ದ ಮರುದಿನ ವಾಲ್ವು ಮುಚ್ಚಿಡುವ ರೂಢಿಯೂ ಬಂದದ್ದು ಮೀಟರ್‌ನಿಂದಲೇ. ಬಳಸಿದ ನೀರು ಕಣ್ಣೆದುರು ಅಂಕಿಯಾಗಿ ನಿಂತಾಗ, ಬಳಸದೆ ಉಳಿಸಿದ ನೀರಿಗೂ ಬೆಲೆ ಬರುತ್ತದೆ.

ನಮ್ಮ ತೋಟದ ಕೆಳಗೆ ಇನ್ನೂ ಹಲವು ತೋಟಗಳಿವೆ, ಅವೆಲ್ಲಕ್ಕೂ ಇದೇ ಹಳ್ಳ. ಕೆಳಗಿನ ತೋಟದ ಹಿರಿಯರೊಬ್ಬರು ಕಳೆದ ಬೇಸಿಗೆಯಲ್ಲಿ ಸಿಕ್ಕಾಗ, "ನಿಮ್ಮ ಪಂಪು ಬೇಗ ನಿಂತ್ರೆ ಸಂಜೆ ಹೊತ್ತಿಗೆ ನಮ್ಮ ಗುಂಡಿಗೂ ನೀರು ಬರ್ತದೆ ಮಾರಾಯಾ" ಎಂದರು. ಹನಿ ನೀರಾವರಿಯ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತ ವಿಮರ್ಶೆ ಇದು. ಹಳ್ಳದಲ್ಲಿ ಹರಿವು ನಿಂತ ಮೇಲೆ ಉಳಿಯುವ ಗುಂಡಿಗಳು ಪಂಪಿನ ಫುಟ್‌ವಾಲ್ವು (ನೀರೆಳೆಯುವ ಪೈಪಿನ ತುದಿಯ ಕವಾಟ) ಇಳಿಸಲು ಅನುಕೂಲವಾದ ಜಾಗಗಳು. ಮೀನು, ಏಡಿ, ಕಪ್ಪೆಗಳಿಗೆ ಬೇಸಿಗೆ ಕಳೆಯುವ ಕೊನೆಯ ಆಸರೆಯೂ ಅವೇ. ಮಳೆಗಾಲದ ಮೊದಲ ನೆರೆಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಬೇಸಿಗೆಯಲ್ಲಿ ಗುಂಡಿಯನ್ನು ತಳದವರೆಗೆ ಎಳೆದುಬಿಟ್ಟರೆ ಅಲ್ಲಿಯೇ ಉಳಿದುಕೊಳ್ಳುವ ಸಣ್ಣ ಮೀನುಗಳ ಸಂತಾನ ಆ ಹಳ್ಳದಲ್ಲಿ ಮುಗಿದಂತೆ. ತೀರ್ಥಹಳ್ಳಿ ಬಳಿ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗಾಗಿ ಮತ್ಸ್ಯಧಾಮವಿದೆ, ಅಲ್ಲಿಗೆ ಹೋಗಿ ಕೈಮುಗಿದು ಬರುವವರಿದ್ದಾರೆ; ಮನೆಯ ಹಿಂದಿನ ಹಳ್ಳದ ಗುಂಡಿಗೂ ಅಷ್ಟೇ ಗೌರವ ಸಲ್ಲಬೇಕು ಎಂದು ನಾನು ನಂಬಿದ್ದೇನೆ. ಫುಟ್‌ವಾಲ್ವನ್ನು ಗುಂಡಿಯ ತಳದಿಂದ ಮೊಣಕಾಲೆತ್ತರ ಮೇಲೆ ಕಟ್ಟಿದರೆ, ನೀರು ಅದಕ್ಕಿಂತ ಇಳಿದಾಗ ಪಂಪು ನೀರೆಳೆಯುವುದು ತಾನಾಗಿ ನಿಲ್ಲುತ್ತದೆ. ನೀರಿಲ್ಲದಾಗ ಪಂಪು ಆರಿಸುವ ಡ್ರೈ ರನ್ ಸ್ವಿಚ್ಚು ಇದ್ದರೆ ಮೋಟಾರೂ ಸುಡುವುದಿಲ್ಲ. ಕೇರಿಯವರೆಲ್ಲ ಕೂತು ಮಾತಾಡಿ ಈ ಒಂದು ನಿಯಮಕ್ಕೆ ಒಪ್ಪಿದ್ದೇವೆ.

ಹಾಗೆಯೇ ನವೆಂಬರ್ ತಿಂಗಳಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕುವ ಪದ್ಧತಿಯನ್ನು ಮತ್ತೆ ಆರಂಭಿಸಿದ್ದೇವೆ. ಅರೆಮಲೆನಾಡಿನ ಶಿಕಾರಿಪುರದ ಕಡೆ ಕೆರೆಗಳ ಪರಂಪರೆ ದೊಡ್ಡದು. ತಾಳಗುಂದದ ಸ್ತಂಭಶಾಸನವೇ ಕದಂಬರ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆಯನ್ನು ಹೇಳುತ್ತದೆ. ಗುಡ್ಡಗಾಡಿನ ನಮಗೆ ಕೆರೆಗಿಂತ ಕಟ್ಟವೇ ಹೆಚ್ಚು ಒದಗಿದ್ದು. ಮಳೆ ನಿಂತ ಮೇಲಿನ ಹರಿವನ್ನು ಅದು ತಡೆದು ಎರಡೂ ದಂಡೆಯ ನೆಲಕ್ಕೆ ಇಂಗಿಸುತ್ತದೆ, ಮಿಕ್ಕದ್ದು ಮೇಲಿಂದ ಹರಿದು ಕೆಳಗಿನವರಿಗೆ ಹೋಗುತ್ತದೆ. ಅಕ್ಟೋಬರ್ ಕೊನೆಗೆ ತೋಟದ ಬಸಿಗಾಲುವೆಗಳ ಬಾಯಿಗೂ ಸಣ್ಣ ಒಡ್ಡು ಹಾಕಿದರೆ ತೋಟದ ನೆಲ ಬೇಗ ಒಣಗುವುದಿಲ್ಲ, ನೀರು ಬಿಡುವುದನ್ನು ಅಷ್ಟು ತಡವಾಗಿ ಆರಂಭಿಸಬಹುದು. ಪಂಪುಗಳು ಬಂದ ಮೇಲೆ ಕಟ್ಟ ಕಟ್ಟುವ ಒಕ್ಕಲು ಕೂಡುವುದೇ ನಿಂತಿತ್ತು. ಕಟ್ಟ ಇಲ್ಲದ ಹಳ್ಳದಲ್ಲಿ ಹನಿ ನೀರಾವರಿ ಅರ್ಧ ಕೆಲಸವಷ್ಟೇ ಎಂಬುದು ನನ್ನ ದೃಢ ಅಭಿಪ್ರಾಯ.

2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಮಲೆನಾಡಿನವರು ಬೀದಿಗಿಳಿದು ವಿರೋಧಿಸಿದೆವು, ಅದು ನ್ಯಾಯವೇ ಆಗಿತ್ತು. ಆ ಶರಾವತಿಗೆ ಸೇರುವ ಹಳ್ಳಗಳ ತಲೆಯಲ್ಲೇ ಕುಳಿತಿರುವವರು ನಾವು. ಹನಿ ನೀರಾವರಿಯಿಂದ ಉಳಿದ ನೀರನ್ನು ತೋರಿಸಿ ಬ್ಯಾಣ, ಸೊಪ್ಪಿನ ಬೆಟ್ಟಗಳನ್ನು ಸವರಿ ಹೊಸ ಅಡಿಕೆ ಸಸಿ ನೆಡುವುದನ್ನು ಎಲ್ಲ ಕಡೆ ನೋಡುತ್ತಿದ್ದೇನೆ. ಹಾಗೆ ಮಾಡಿದಾಗ ಉಳಿದ ನೀರು ಹಳ್ಳಕ್ಕೆ ಸಿಗುವುದಿಲ್ಲ, ಮೇಲಾಗಿ ಮಳೆನೀರನ್ನು ಹಿಡಿದು ಹಳ್ಳಕ್ಕೆ ಬೇಸಿಗೆಯಲ್ಲಿ ಬಿಡುತ್ತಿದ್ದ ಗುಡ್ಡವೂ ಕೈತಪ್ಪುತ್ತದೆ. ತೋಟ ವಿಸ್ತರಿಸುವ ಉದ್ದೇಶದಿಂದ ಮಾತ್ರ ಇದನ್ನು ಹಾಕಿಸಿಕೊಳ್ಳುವವರಿಗೆ ನಾನು ಶಿಫಾರಸು ಮಾಡಲಾರೆ.

ಇರುವ ತೋಟವನ್ನು ಉಳಿಸಿಕೊಳ್ಳಬೇಕೆನ್ನುವವರು ಧೈರ್ಯವಾಗಿ ಹಾಕಿಸಬಹುದು. ಕೇಂದ್ರ ಸರ್ಕಾರದ ಹನಿ ನೀರಾವರಿ ಯೋಜನೆಯಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ನಿಗದಿತ ವೆಚ್ಚದ ಶೇ. 55, ಉಳಿದವರಿಗೆ ಶೇ. 45 ಸಹಾಯಧನದ ಲೆಕ್ಕವಿದೆ. ರಾಜ್ಯ ಸರ್ಕಾರ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ಪ್ರಮಾಣ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಮಾಹಿತಿಯನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಬೇಕು. ಪಹಣಿ ಮತ್ತು ಫ್ರೂಟ್ಸ್ ಐ.ಡಿ. (ರೈತರ ನೋಂದಣಿ ಸಂಖ್ಯೆ) ಸಿದ್ಧವಿರಲಿ. ಅಂಗಡಿಯವರು ದರಪಟ್ಟಿ ಕೊಡುವಾಗ ತೋಟದ ಎತ್ತರ ತಗ್ಗಿನ ಅಳತೆ ಮಾಡಿದ್ದಾರೆಯೇ, ನೀರಿನ ಕಬ್ಬಿಣ ಪರೀಕ್ಷೆಯ ಫಲಿತಾಂಶ ನೋಡಿದ್ದಾರೆಯೇ, ಮೀಟರ್ ಮತ್ತು ಫ್ಲೋಟ್ ಸ್ವಿಚ್ಚಿನ ಬೆಲೆ ಅದರಲ್ಲಿ ಸೇರಿದೆಯೇ ಎಂದು ವಿಚಾರಿಸಿ, ಡ್ರಿಪ್ಪರ್ ಅಳತೆ ಮಾಡಿ ತೋರಿಸುವವರೆಗೆ ಕೊನೆಯ ಕಂತು ತಡೆಹಿಡಿಯಿರಿ. ಕೆಲಸವನ್ನು ಡಿಸೆಂಬರ್‌ಗೆ ಮುನ್ನ ಮುಗಿಸಿಕೊಳ್ಳುವುದು ಒಳ್ಳೆಯದು. ಕೊನೆ ಕೊಯ್ಲು ಶುರುವಾದ ಮೇಲೆ ಪೈಪು ಹಾಸಲು ಆಳೂ ಸಿಗುವುದಿಲ್ಲ, ಹಾಸಿದ ಪೈಪೂ ಉಳಿಯುವುದಿಲ್ಲ.